ನಾರ್ವೆಯಲ್ಲಿ ನಾನು ಕೂತ ಸೋಫಾ

ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಮನೆಯ ಕಪಾಟಿನಲ್ಲಿ ಒಂದು ಕೋಟು ಇದೆ. ಕೋಟು ಅಂದರೆ ಮದುವೆಗೆ ಹಾಕಿಕೊಂಡು ಹೋಗುವಂಥದ್ದು ಅಂದುಕೊಳ್ಳಬೇಡಿ. ಹಾಸಿಗೆಗೆ ಎರಡು ತೋಳು ಹೊಲಿದರೆ ಹೇಗಿರುತ್ತದೋ ಹಾಗಿದೆ. ಕಪಾಟಿನ ಬಾಗಿಲು ತೆರೆದರೆ ಮೊದಲು ಅದೇ ಮೈಮೇಲೆ ಬೀಳುವುದು. ಕಾರಿನ ಸ್ಟೇರಿಂಗ್ ಮುಟ್ಟಲಿಕ್ಕೂ ಬಿಡದ ಈ ಜೂನ್ ಬಿಸಿಲಿನಲ್ಲಿ ಮೊನ್ನೆ ಅದು ನನ್ನ ಹೆಂಡತಿ ಶಶಿಕಲಾಳ ಮೈಮೇಲೆ ಬಿತ್ತು.

“ಇದನ್ನು ಎಂತ ಮಾಡುದು? ಯಾರಿಗಾದ್ರೂ ಕೊಟ್ಟುಬಿಡಿ ಮಾರಾಯ್ರೆ,” ಅಂದಳು.

“ಮಸ್ಕತ್ತಿನಲ್ಲಿ ಇದನ್ನು ಯಾರಿಗೆ ಕೊಡುದು?”

“ಹಾಗಾದ್ರೆ ಇದಕ್ಕೂ ಒಂದು ವೀಸಾ ಮಾಡಿಸಿ. ಇಲ್ಲೇ ಇರ್ಲಿ.”

ತಮಾಷೆಗೇ ಅಂದದ್ದು. ಅವಳು ಕಪಾಟು ಖಾಲಿ ಮಾಡುವ ಕೆಲಸ ಮುಂದುವರಿಸಿದಳು. ನಾನು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಎಸಿಯ ಕೆಳಗೆ ಕೂತು, ನಾರ್ವೆಗೆ ಹೋದೆ.

ನಾರ್ವೆಗೆ ಹೋಗುವಂಥ ಮನುಷ್ಯ ನಾನಲ್ಲ. ನನ್ನ ಕೆಲಸ ಇದ್ದದ್ದು ಮಸ್ಕತ್ತಿನಿಂದ ದೂರದ ಸೊಹಾರ್‌ನ ಒಂದು ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ. ವಾರವಿಡೀ ಅಲ್ಲಿಯ ಕಂಪೆನಿ ಕ್ವಾರ್ಟರ್ಸು, ಗುರುವಾರ ಸಂಜೆ ಕಂಪೆನಿ ಬಸ್ಸು ಹತ್ತಿದರೆ ಅಲ್ ಮವಾಲೇಹ್, ಶನಿವಾರ ಮತ್ತೆ ಬಸ್ಸು. ಕರಗಿದ ಲೋಹದ ಕಸ ತೆಗೆದು ಶುದ್ಧ ಮಾಡುವ ಒಂದು ಯಂತ್ರವನ್ನು ಕಂಪೆನಿಯವರು ನಾರ್ವೆಯಿಂದ ತರಿಸಿದ್ದರು. ಅದನ್ನು ನಡೆಸುವುದು ಹೇಗೆ ಎಂದು ಕಲಿತು ಬರಲು ಕಳೆದ ಸೆಪ್ಟೆಂಬರಿನಲ್ಲಿ ಇಬ್ಬರನ್ನು ಕಳುಹಿಸಿದರು. ಒಬ್ಬ ನಾನು, ಇನ್ನೊಬ್ಬ ಸಲೀಂ.

ಸಲೀಂ ಒಮಾನಿ. ಇನ್ನೂ ಮೂವತ್ತು ಆಗದ ಇಂಜಿನಿಯರು. ಕಾಲೇಜು ಮುಗಿಸಿ ನೇರ ನನ್ನ ಕೈಕೆಳಗೆ ಬಂದವನು. ನನ್ನನ್ನು ಉಸ್ತಾದ್ ಎನ್ನುತ್ತಾನೆ, ನಮ್ಮಲ್ಲಿ ಮೇಷ್ಟ್ರೇ ಅಂದ ಹಾಗೆ. ಹೊರಡುವ ಮೊದಲು ಮ್ಯಾನೇಜರು ನನ್ನೊಬ್ಬನನ್ನೇ ಕರೆದು ಹೇಳಿದ್ದರು: ನಿಮ್ಮ ಹುದ್ದೆ ಇನ್ನು ಒಮಾನಿಗಳಿಗೆ ಮೀಸಲು. ಬರುವ ಬೇಸಿಗೆಯೊಳಗೆ ಸಲೀಂಗೆ ಎಲ್ಲವನ್ನೂ ವಹಿಸಿಕೊಡಿ, ಆಮೇಲೆ ನಿಮ್ಮದು ಖಲಾಸ್. ಖಲಾಸ್ ಅಂದರೆ ಮುಗಿಯಿತು ಅಂತ. ಮ್ಯಾನೇಜರು ಅದನ್ನು ಚಹಾ ಕಪ್ಪು ಖಾಲಿಯಾದ ಧ್ವನಿಯಲ್ಲಿ ಹೇಳಿದರು. ನಾನೂ “ಓಕೆ ಸರ್” ಅಂದೆ. ಮನೆಗೆ ಬಂದು ಶಶಿಕಲಾಳಿಗೆ ಹೇಳಿದೆ. ಅವಳು, “ಆಯ್ತಲ್ಲ, ಒಂದಲ್ಲ ಒಂದು ದಿನ ಹೋಗಲೇಬೇಕಿತ್ತು,” ಅಂದು ಸಾರಿಗೆ ಒಗ್ಗರಣೆ ಹಾಕಿದಳು. ಎಲ್ಲರೂ ಇಷ್ಟು ಸಲೀಸಾಗಿ ಒಪ್ಪಿಕೊಂಡ ಮೇಲೆ ನಾನು ಏನು ಅನುಭವಿಸಬೇಕು ಅನ್ನುವುದೇ ನನಗೆ ತಿಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರೂ ಇರಲಿಲ್ಲ. ದೇಶ ಅವರದ್ದು, ಕೆಲಸ ಅವರದ್ದು. ಸಲೀಂ ಬಗ್ಗೆ ಪ್ರೀತಿ ಬೇರೆ. ಹಾಗಾಗಿ ನಾನು ಕೋಟು ತೆಗೆದುಕೊಳ್ಳಲು ಮಸ್ಕತ್ತಿನ ಪೇಟೆ ರೂವಿಗೆ ಹೋದೆ.

ರೂವಿಯಲ್ಲಿ ನಮ್ಮ ಹಮೀದಾಕನ ಬಟ್ಟೆ ಅಂಗಡಿ ಇದೆ. ಉಳ್ಳಾಲದವರು, ನನಗಿಂತ ಮೊದಲು ಈ ಊರಿಗೆ ಬಂದವರು. ನಾರ್ವೆ ಎಂಬ ಹೆಸರು ಕೇಳಿದ ಕೂಡಲೇ ಅವರು ಗೋಡೌನಿನ ಒಳಗೆ ಹೋಗಿ, ಧೂಳು ಹೊಡೆಯುತ್ತಾ ಆ ಕೋಟನ್ನು ಎತ್ತಿಕೊಂಡು ಬಂದರು.

“ದಿವಾಕರಣ್ಣ, ಅಲ್ಲಿ ಹಿಮ ಕುತ್ತಿಗೆವರೆಗೆ ಬೀಳ್ತದೆ. ಇದಿಲ್ಲದೆ ಹೋದ್ರೆ ನೀವು ಬರುದು ಐಸ್ ಪೆಟ್ಟಿಗೆಯಲ್ಲಿ, ಮೀನಿನ ಹಾಗೆ.”

“ಸೆಪ್ಟೆಂಬರಲ್ವಾ ಹಮೀದಾಕ?”

“ಹಿಮಕ್ಕೆ ಕ್ಯಾಲೆಂಡರ್ ಗೊತ್ತುಂಟಾ?”

ಹಮೀದಾಕ ಹಿಮ ನೋಡಿದವರಲ್ಲ ಎಂಬುದು ನನಗೆ ಓಸ್ಲೋದ ರಸ್ತೆಯಲ್ಲಿ ಗೊತ್ತಾಯಿತು. ಅಲ್ಲಿಯ ಜನ ತೆಳು ಸ್ವೆಟರಿನಲ್ಲಿ ಓಡಾಡುತ್ತಿದ್ದರು. ಒಬ್ಬಳು ಹುಡುಗಿ ಐಸ್‌ಕ್ರೀಮ್ ತಿನ್ನುತ್ತಿದ್ದಳು. ಅವರ ನಡುವೆ ನಾನು ಧ್ರುವಪ್ರದೇಶಕ್ಕೆ ಹೊರಟು ದಾರಿ ತಪ್ಪಿದವನ ಹಾಗೆ ಬೆವರುತ್ತಾ ನಡೆದೆ. ಸಲೀಂ ಒಂದು ಸಾದಾ ಜಾಕೆಟ್ ಹಾಕಿಕೊಂಡು ಆರಾಮವಾಗಿದ್ದ.

ತರಬೇತಿ ಸೋಮವಾರದಿಂದ. ಭಾನುವಾರ ಅಂಗಡಿಗಳೆಲ್ಲ ಬಂದ್. ಹೋಟೆಲಿನ ಕೌಂಟರಿನಲ್ಲಿದ್ದವಳು, “ಹಳೇ ಮನೆಗಳ ಬಯಲು ಮ್ಯೂಸಿಯಮ್ಮಿಗೆ ಹೋಗಿ, ಚೆನ್ನಾಗಿದೆ,” ಅಂದಳು. ಮ್ಯೂಸಿಯಮ್ಮಿನ ಒಳಗೆ ಮನೆ ಇರುತ್ತದೋ, ಮನೆಗಳ ಒಳಗೆ ಮ್ಯೂಸಿಯಂ ಇರುತ್ತದೋ ನಮಗೆ ಅರ್ಥವಾಗಲಿಲ್ಲ. ಬಸ್ಸು ಹತ್ತಿದೆವು.

ಗೇಟು ದಾಟಿದರೆ ಒಂದು ಊರು! ಮ್ಯೂಸಿಯಂ ಎಲ್ಲಿ ಎಂದು ಹುಡುಕುತ್ತಾ ಆ ಊರಿನ ಕೊನೆಯವರೆಗೂ ನಡೆದೆವು. ಕಪ್ಪು ಮರದ ದಿಮ್ಮಿಗಳ ಮನೆಗಳು, ಕಲ್ಲಿನ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಧಾನ್ಯದ ಕೋಣೆಗಳು, ಬೇಲಿ, ಬಾವಿ, ಕುರಿ. ಆಮೇಲೆ ಒಂದು ಬೋರ್ಡು ಓದಿ ತಿಳಿಯಿತು. ದೇಶದ ಬೇರೆ ಬೇರೆ ಕಣಿವೆಗಳಲ್ಲಿದ್ದ ಹಳೇ ಮನೆಗಳನ್ನು ಕಳಚಿ, ಒಂದೊಂದು ದಿಮ್ಮಿಗೂ ಗುರುತು ಹಾಕಿ, ಇಲ್ಲಿಗೆ ತಂದು ಮತ್ತೆ ಜೋಡಿಸಿದ್ದಾರೆ.

ಸಲೀಂ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತ. “ಉಸ್ತಾದ್, ಮನೆಯನ್ನು ಇಲ್ಲಿಗೆ ತಂದರೆ ಆ ಊರಿನಲ್ಲಿ ಏನು ಉಳಿಯಿತು?”

“ಜಾಗ ಉಳಿದಿರಬೇಕು.”

“ನಮ್ಮ ಅಜ್ಜನ ಮನೆ ಮಣ್ಣಿನದ್ದು. ಕಳಚಿದರೆ ಬರೀ ಮಣ್ಣು. ಅದನ್ನು ಎಲ್ಲಿಗೂ ತರಲಿಕ್ಕಾಗುವುದಿಲ್ಲ.”

ನನ್ನ ಗೊಂದಲ ಬೇರೆಯದಿತ್ತು. ಆ ಮನೆಗಳ ಮಾಡಿನ ಮೇಲೆಲ್ಲ ಹುಲ್ಲು! ಹುಟ್ಟಿಕೊಂಡದ್ದಲ್ಲ, ಬೇಕೆಂದೇ ಬೆಳೆಸಿದ್ದು. ನೋಡಿ, ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯ ಲೈನ್ ಮನೆಯಲ್ಲಿ. ಒಂದೇ ಮಾಡಿನ ಕೆಳಗೆ ಸಾಲಾಗಿ ಕೆಲಸಗಾರರ ಮನೆಗಳು. ಅಪ್ಪ ಅಲ್ಲಿ ಹಂಚು ಬೇಯಿಸುವ ಆವಿಗೆಯಲ್ಲಿದ್ದರು. ಅವರಿಗೆ ಮಾಡು ಅಂದರೆ ಮಾನ. ಹಂಚಿನ ಸಂದಿಯಲ್ಲಿ ಒಂದು ಎಸಳು ಹುಲ್ಲು ಕಂಡರೂ ಏಣಿ ಹಾಕಿ ಹತ್ತುತ್ತಿದ್ದರು. “ಹಂಚಿನವನ ಮಾಡಿನಲ್ಲಿ ಹುಲ್ಲು ಅಂದ್ರೆ ಜನ ಎಂತ ಹೇಳಿಯಾರು!” ಅಂತ ಮೇಲಿನಿಂದಲೇ ಬಯ್ಯುತ್ತಿದ್ದರು, ಹುಲ್ಲಿಗೋ ನಮಗೋ ತಿಳಿಯುತ್ತಿರಲಿಲ್ಲ. ಕೆಳಗೆ ಏಣಿ ಹಿಡಿದು ನಿಲ್ಲುವ ಕೆಲಸ ನನ್ನದು. ಅಂಥ ನನ್ನನ್ನು ತಂದು, ಮಾಡಿನ ಮೇಲೆ ಆಡು ಮೇಯಿಸಬಹುದಾದ ಮನೆಯ ಮುಂದೆ ನಿಲ್ಲಿಸಿದರೆ? ಅಪ್ಪ ಬದುಕಿದ್ದರೆ ಏಣಿ ಕೇಳುತ್ತಿದ್ದರು.

ಒಂದು ಮನೆಯ ಒಳಗೆ ಕತ್ತಲೆ, ಮೂಲೆಯಲ್ಲಿ ಒಲೆ. ಉದ್ದ ಲಂಗ, ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ದೊಡ್ಡ ಕಾವಲಿಯ ಮೇಲೆ ತೆಳು ರೊಟ್ಟಿ ಬೇಯಿಸುತ್ತಿದ್ದಳು. ಉದ್ದ ಕೋಲಿನಿಂದ ಅದನ್ನು ಮಗುಚುವ ಅಂದ ನೋಡಬೇಕು. ಬೆಣ್ಣೆ ಸಕ್ಕರೆ ಸವರಿ ಮಡಚಿ ನಮ್ಮ ಕೈಗೂ ಕೊಟ್ಟಳು. ತಿಂದ ಮೇಲೆ ನಾಲ್ಕು ಮಾತಾಡಬೇಕಲ್ಲ? “ಇದು ನಿಮ್ಮ ಮನೆಯೇ?” ಎಂದು ಕೇಳಿದೆ.

“ಇವತ್ತು ಸಂಜೆ ಬಾಗಿಲು ಹಾಕುವವರೆಗೆ ನನ್ನದೇ,” ಅಂದಳು ನಗುತ್ತಾ.

ಆಗ ನಾನೊಂದು ತೀರ್ಮಾನಕ್ಕೆ ಬಂದೆ. ಈ ಮ್ಯೂಸಿಯಮ್ಮಿನಲ್ಲಿ ಮನೆಗಳ ಒಳಗೆ ಜನ ಇರುತ್ತಾರೆ, ಬಂದವರನ್ನು ಮಾತಾಡಿಸುತ್ತಾರೆ, ತಿನ್ನಲಿಕ್ಕೂ ಕೊಡುತ್ತಾರೆ. ಮುಂದೆ ನಡೆದದ್ದಕ್ಕೆಲ್ಲ ಈ ತೀರ್ಮಾನ ಅರ್ಧ ಕಾರಣ. ಇನ್ನರ್ಧ ಕಾರಣ ನಮ್ಮ ಬೂಟು. ಸಲೀಂಗೂ ನನಗೂ ಹೊಸಿಲು ಕಂಡರೆ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ಬೇರೆಯವರೆಲ್ಲ ಬೂಟು ಹಾಕಿಕೊಂಡೇ ಒಳಗೆ ಹೋಗುತ್ತಿದ್ದರೂ ನಾವಿಬ್ಬರು ಪ್ರತಿ ಮನೆಯ ಮುಂದೆ ಕೂತು ಲೇಸು ಬಿಚ್ಚುವುದು, ಹೊರಗೆ ಬಂದು ಕಟ್ಟುವುದು. ಮಾಡಿನ ತುದಿಯಲ್ಲಿ ಹಾವಿನ ಹೆಡೆಯಂಥ ತಲೆಗಳಿದ್ದ ಒಂದು ಹಳೇ ಮರದ ಇಗರ್ಜಿಯ ಮುಂದೆ ಸಲೀಂ ಕೇಳಿದ, “ಇದು ಯಾವ ಧರ್ಮದ್ದು?” ಅದು ಇಗರ್ಜಿಯೆಂದು ಆಗ ನನಗೂ ಗೊತ್ತಿರಲಿಲ್ಲ. “ಯಾವುದಾದರೂ ಇರಲಿ, ಬಿಚ್ಚು,” ಅಂದೆ.

ಹೀಗೆ ಬಿಚ್ಚಿ ಕಟ್ಟಿ ಸೊಂಟ ಸೋತಿತ್ತು. ಕೋಟಿನ ಒಳಗೆ ಅಂಗಿ ಒದ್ದೆಯಾಗಿತ್ತು. ಆಗ ಎದುರಿಗೆ ಇಟ್ಟಿಗೆಯ ಮಾಳಿಗೆ ಕಟ್ಟಡವೊಂದು ಕಂಡಿತು. ಆಫೀಸಿರಬೇಕು, ಟಾಯ್ಲೆಟ್ ಇದ್ದೀತು ಎಂದು ಮೆಟ್ಟಿಲು ಹತ್ತಿದೆವು. ಮೇಲೆ ಒಂದು ಬಾಗಿಲು ತೆರೆದಿತ್ತು. ಒಳಗೆ ಇಣುಕಿದರೆ, ಅಯ್ಯೋ ದೇವರೇ, ನಮ್ಮ ಮನೆ!

ನಮ್ಮ ಮನೆ ಅಂದರೆ ನಮ್ಮಂಥವರ ಮನೆ. ಮೆತ್ತನೆಯ ದೊಡ್ಡ ಸೋಫಾ, ಬೆನ್ನಿಗೆ ಕೈಯಲ್ಲಿ ಹೆಣೆದ ಬಟ್ಟೆ. ಗಾಜಿನ ಶೋಕೇಸು, ಅದರಲ್ಲಿ ಯಾವತ್ತೂ ಚಹಾ ಕಾಣದ ಟೀ ಸೆಟ್ಟು. ಪ್ಲಾಸ್ಟಿಕ್ ಗುಲಾಬಿ. ಗೋಡೆಯಲ್ಲಿ ಬಂಗಾರದ ಬಣ್ಣದ ಗಡಿಯಾರ. ನಡುವಿನ ಟೀಪಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್. ಅಷ್ಟು ಹೊತ್ತಿನಿಂದ ಕತ್ತಲೆಯ ಮರದ ಮನೆಗಳನ್ನು ನೋಡಿ ನೋಡಿ ಬಂದವನಿಗೆ ಎಷ್ಟು ನೆಮ್ಮದಿಯಾಯಿತು ಎಂದರೆ, ಬೂಟು ಬಿಚ್ಚಿ, ಕೋಟು ಕಳಚಿ ಬದಿಗಿಟ್ಟು, ಸೋಫಾದಲ್ಲಿ ಕೂತೇಬಿಟ್ಟೆ. ಇಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಯಾರೋ ಇರಬೇಕು, ಬಂದರೆ ಮಾತಾಡಿಸಿಕೊಂಡು ಹೋಗೋಣ ಎಂದು ನನ್ನ ಲೆಕ್ಕಾಚಾರ. ಬಾಗಿಲ ಬಳಿ ನಾರ್ವೆ ಭಾಷೆಯಲ್ಲಿ ಏನೋ ಬರೆದಿತ್ತು. ಓದಲು ಬರುವಂಥದ್ದಲ್ಲ. ಸಲೀಂ ಟಾಯ್ಲೆಟ್ ಹುಡುಕಿಕೊಂಡು ಕೆಳಗೆ ಹೋದ.

ಅಷ್ಟರಲ್ಲಿ ಒಬ್ಬ ಅಜ್ಜ, ಒಬ್ಬಳು ಅಜ್ಜಿ ಬಾಗಿಲಲ್ಲಿ ಬಂದು ನಿಂತರು. ಅಜ್ಜಿ ನನ್ನ ಕಾಲುಚೀಲ ನೋಡಿದಳು, ಮುಖ ನೋಡಿದಳು. ಒಳ್ಳೆಯ ಇಂಗ್ಲಿಷಿನಲ್ಲಿ, “ಒಳಗೆ ಬರಬಹುದೇ?” ಅಂದಳು.

“ಬನ್ನಿ ಬನ್ನಿ, ಕೂತುಕೊಳ್ಳಿ.”

ಅವರು ಕೂರಲಿಲ್ಲ, ವಿನಯದಿಂದ ನಿಂತೇ ಇದ್ದರು. “ನೀವು ಬಂದು ಎಷ್ಟು ವರ್ಷವಾಯಿತು?” ಎಂದು ಅಜ್ಜಿ ಕೇಳಿದಳು.

ಗಲ್ಫಿನಲ್ಲಿರುವವರಿಗೆ ಈ ಪ್ರಶ್ನೆ ಊಟ ಆಯಿತಾ ಎಂಬಷ್ಟು ಮಾಮೂಲು. ಎಲ್ಲಿಗೆ ಬಂದು ಎಂದು ನಾವು ತಿರುಗಿ ಕೇಳುವುದೇ ಇಲ್ಲ. “ಇಪ್ಪತ್ತು ದಾಟಿತು,” ಅಂದೆ.

“ಮೊದಲು ಬಂದಾಗ ಇಲ್ಲಿಯ ಹವೆ ಕಷ್ಟವಾಗಿರಬೇಕು.”

“ತುಂಬಾ. ನಾನು ಬಂದದ್ದು ಜೂನ್‌ನಲ್ಲಿ. ವಿಮಾನದ ಬಾಗಿಲು ತೆಗೆದಾಗ ಉರಿಯುವ ಒಲೆಯ ಬಾಗಿಲು ತೆಗೆದ ಹಾಗಾಯಿತು.”

ಅಜ್ಜ ಅಜ್ಜಿ ಮುಖ ಮುಖ ನೋಡಿಕೊಂಡರು. ಅಜ್ಜ, “ಯಾವ ವರ್ಷವಿರಬಹುದು ಅದು?” ಎಂದು ಅವಳಿಗೆ ಮೆಲ್ಲಗೆ ಹೇಳಿದ. ತಮ್ಮ ದೇಶದಲ್ಲಿ ಅಂಥದ್ದೊಂದು ಬೇಸಿಗೆ ಯಾವಾಗ ಬಂದಿತ್ತೆಂದು ಪಾಪ ನೆನಪು ಮಾಡಿಕೊಳ್ಳುತ್ತಿದ್ದ.

“ನೆರೆಹೊರೆಯವರು ಹೇಗೆ?”

“ಎದುರು ಮನೆಯವರು ಕೇರಳದವರು. ಒಳ್ಳೆ ಜನ. ಮೀನು ಜಾಸ್ತಿ ತಂದರೆ ನಮಗೂ ಕೊಡುತ್ತಾರೆ.”

“ಮಕ್ಕಳು ನಿಮ್ಮ ಭಾಷೆ ಮಾತಾಡುತ್ತಾರೆಯೇ?”

“ನಾವು ತುಳುವಿನಲ್ಲಿ ಕೇಳುತ್ತೇವೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.”

ಅಜ್ಜಿ ನಕ್ಕಳು. ನಾರ್ವೆಯವರು ಅಪರಿಚಿತರ ಜೊತೆ ಮಾತಾಡುವುದಿಲ್ಲ ಎಂದು ಯಾರೋ ಹೇಳಿದ್ದು ಶುದ್ಧ ಸುಳ್ಳು ಅನ್ನಿಸಿತು. ಇಷ್ಟು ವರ್ಷಗಳಲ್ಲಿ ನನ್ನ ಬದುಕಿನ ಬಗ್ಗೆ ಯಾರೂ ಇಷ್ಟು ಅಕ್ಕರೆಯಿಂದ ಕೇಳಿರಲಿಲ್ಲ. ಅದಕ್ಕೇ ಇರಬೇಕು, “ಊರಿಗೆ ವಾಪಸು ಹೋಗಬೇಕು ಅನಿಸುತ್ತದೆಯೇ?” ಎಂದು ಅವಳು ಕೇಳಿದಾಗ, ಎಲ್ಲರಿಗೂ ಕೊಡುವ ಉತ್ತರ ನನ್ನ ಬಾಯಿಗೆ ಬರಲಿಲ್ಲ.

“ಅನಿಸುವುದು ಬಿಡುವುದು ನನ್ನ ಕೈಯಲ್ಲಿಲ್ಲ ಅಮ್ಮ,” ಅಂದೆ. “ಬರುವ ಬೇಸಿಗೆಗೆ ನನ್ನ ಕೆಲಸ ಮುಗಿಯುತ್ತದೆ. ನಾನೇ ಕಲಿಸಿದವನು ನನ್ನ ಜಾಗಕ್ಕೆ ಬರುತ್ತಾನೆ. ಚಿನ್ನದಂಥ ಹುಡುಗ. ಅವನ ದೇಶ, ಅವನಿಗೆ ಕೆಲಸ ಸಿಗುವುದು ನ್ಯಾಯ. ಆದರೆ ಊರಿಗೆ ಹೋಗಿ ನಾನು ಏನು ಮಾಡಬೇಕು, ಬೆಳಿಗ್ಗೆ ಎದ್ದು ಎತ್ತ ಮುಖ ಮಾಡಿ ಹೋಗಬೇಕು, ನನಗೆ ಗೊತ್ತಿಲ್ಲ. ಎಲ್ಲ ಗೊತ್ತಿರುವವನ ಹಾಗೆ ಮನೆಯಲ್ಲಿ ಮಾತಾಡುತ್ತೇನೆ. ಗೊತ್ತಿಲ್ಲ.”

ಅಜ್ಜಿ ಮುಂದೆ ಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು. ಆ ಹೊತ್ತಿಗೆ ಸರಿಯಾಗಿ, ಎದೆಗೆ ಹೆಸರಿನ ಪಟ್ಟಿ ಹಾಕಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ಕಾಣಿಸಿದಳು.

“ಸರ್, ಕ್ಷಮಿಸಿ. ಪ್ರದರ್ಶನದ ವಸ್ತುಗಳ ಮೇಲೆ ಕೂರಬಾರದು.”

ಪ್ರದರ್ಶನದ ವಸ್ತು ಯಾವುದೆಂದು ನಾನು ಸುತ್ತ ನೋಡಿದೆ. ಅವಳು ಸೋಫಾವನ್ನು ತೋರಿಸಿದಳು. ಹಗ್ಗವೊಂದು ಕೊಕ್ಕೆ ಕಳಚಿ ನೆಲದಲ್ಲಿ ಬಿದ್ದಿದ್ದನ್ನೂ ತೋರಿಸಿದಳು. ಪಾಕಿಸ್ತಾನದಿಂದ ಕೆಲಸಕ್ಕೆಂದು ಬಂದು ನೆಲೆಸಿದ ಒಂದು ಕುಟುಂಬದ ಮನೆ ಹೇಗಿರುತ್ತಿತ್ತು ಎಂದು ತೋರಿಸಲು ಈ ಕೋಣೆಯನ್ನು ಹೀಗೆ ಇಟ್ಟಿದ್ದಾರಂತೆ. ಆ ಮರದ ಮನೆಯಲ್ಲಿ ರೊಟ್ಟಿ ಸುಡುವವಳಿದ್ದ ಹಾಗೆ ಈ ಮನೆಯಲ್ಲಿ ನನ್ನನ್ನು ಕೂರಿಸಿದ್ದಾರೆ ಎಂದು ಅಜ್ಜ ಅಜ್ಜಿ ತಿಳಿದಿದ್ದರಂತೆ!

ಅಜ್ಜಿಯ ಮುಖ ಕೆಂಪಗಾಯಿತು. ನಾನು ಒಂದು ಬೂಟು ಹಾಕಿ ಇನ್ನೊಂದನ್ನು ಹುಡುಕುತ್ತಿದ್ದೆ. “ಹಾಗಾದರೆ ನೀವು ಹೇಳಿದ್ದು?” ಎಂದಳು.

“ಅದೆಲ್ಲ ನಿಜ. ಊರು ಮಾತ್ರ ಬೇರೆ. ಒಮಾನ್.”

ಅವಳು ಸ್ವಲ್ಪ ಯೋಚಿಸಿದಳು. “ನಿಜವಾಗಿದ್ದರೆ ಕೇಳಿದ್ದು ಒಳ್ಳೆಯದಾಯಿತು,” ಅಂದಳು.

ಅಜ್ಜ ಮಾತ್ರ ಆ ಬಿಸಿ ಜೂನ್ ತಿಂಗಳ ಒಗಟು ಬಿಡಿಸಿದ ಸಮಾಧಾನದಲ್ಲಿ ಜೋರಾಗಿ ತಲೆಯಾಡಿಸುತ್ತಿದ್ದ.

ನಗಬೇಕೋ ನಾಚಬೇಕೋ ತಿಳಿಯದೆ ಹೊರಗೆ ಬಂದರೆ ಮೆಟ್ಟಿಲಲ್ಲಿ ಸಲೀಂ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ಮುಖ ನೋಡಿದ ಮೇಲೆ ನಗು ಹೋಯಿತು. ಹುಲ್ಲಿನ ಮಾಡಿನ ಒಂದು ಮನೆಯ ಬದಿಯ ಬೆಂಚಿನಲ್ಲಿ ಕೂತೆವು.

“ಮ್ಯಾನೇಜರು ನನಗೆ ಹೇಳಿದ್ದು ಬೇರೆ,” ಅಂದ ಅವನು. “ನಿಮ್ಮನ್ನು ಮಸ್ಕತ್ತಿನ ಆಫೀಸಿಗೆ ದೊಡ್ಡ ಹುದ್ದೆಗೆ ಕಳಿಸುತ್ತಾರೆ, ಅದಕ್ಕೆ ನನಗೆ ನಿಮ್ಮ ಜಾಗ ಅಂದಿದ್ದರು. ನಾನು ನನ್ನ ತಂದೆಗೂ ಹಾಗೇ ಹೇಳಿದೆ. ತಂದೆ ಒಂದು ಕುರಿ ಕಡಿಸಿ ಊಟ ಹಾಕಿದರು.”

“ನನಗೆ ಹಾಗೆ ಯಾರೂ ಹೇಳಲಿಲ್ಲ ಸಲೀಂ.”

“ಯಾರೋ ಒಬ್ಬಳು ಮುದುಕಿಗೆ ಹೇಳಿದಿರಿ. ನನಗೆ ಯಾಕೆ ಹೇಳಲಿಲ್ಲ?”

ನಾನು ಬಗ್ಗಿ, ಅರ್ಧ ಕಟ್ಟಿದ್ದ ಬೂಟಿನ ಲೇಸು ಕಟ್ಟತೊಡಗಿದೆ. ಆ ವಾರವಿಡೀ ಅವನು ಯಂತ್ರದ ಬಗ್ಗೆ ಬಿಟ್ಟು ಬೇರೆ ಮಾತೇ ಆಡಲಿಲ್ಲ. ವಿಮಾನದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮಲಗಿದ.

ಸೊಹಾರ್‌ಗೆ ಬಂದ ಮೇಲೆ ಒಂದು ಬುಧವಾರ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಸಲೀಂನ ತಂದೆ. ಇಲ್ಲಿ ಹಿರಿಯರನ್ನು ದೊಡ್ಡ ಮಗನ ಹೆಸರಿನಿಂದ ಕರೆಯುವುದು ಮರ್ಯಾದೆ, ಹಾಗಾಗಿ ಅವರು ಅಬು ಸಲೀಂ. ಹಳೇ ಕಾಲದವರ ಮುರುಕು ಹಿಂದಿಯಲ್ಲಿ ಕೂಗುತ್ತಲೇ ಮಾತಾಡಿದರು.

“ಏ ಭಾಯ್, ನನ್ನ ಮಗನಿಗೆ ಆ ದೇಶದಲ್ಲಿ ಏನು ತೋರಿಸಿದೆ ನೀನು? ಆ ಹುದ್ದೆ ಬೇಡ ಅಂತ ಆಫೀಸಿನಲ್ಲಿ ಹೇಳಿದ್ದಾನೆ. ಶುಕ್ರವಾರ ಬಂದರೆ ಎಸಿ ಇರುವ ಹೊಸ ಮನೆ ಬಿಟ್ಟು ಹೋಗಿ ಬಿದ್ದುಹೋದ ಹಳೇ ಮನೆಯಲ್ಲಿ ಮಣ್ಣು ತೆಗೆಯುತ್ತಾ ಕೂರುತ್ತಾನೆ. ನೀನು ಉಸ್ತಾದ್ ಅಲ್ಲವಾ? ಬಾ. ಬಂದು ಬುದ್ಧಿ ಹೇಳು.”

ಗುರುವಾರ ಮನೆಗೆ ಬಂದು ಶಶಿಕಲಾಳಿಗೆ ಹೇಳಿದೆ. “ನಿಮ್ಮ ಕೆಲಸ ತೆಗೊ ಅಂತ ನೀವೇ ಹೋಗಿ ಬೇಡ್ಕೊಳ್ಳುದಾ?” ಎಂದು ಕಣ್ಣರಳಿಸಿದಳು. ಆಮೇಲೆ ತಾನೇ ಒಂದು ಡಬ್ಬಿಯಲ್ಲಿ ಚಕ್ಕುಲಿ ತುಂಬಿಸಿ ಕೊಟ್ಟಳು. “ಖಾಲಿ ಕೈಯಲ್ಲಿ ಹೋಗ್ಬೇಡಿ,” ಅಂದಳು. ಅವಳು ನನ್ನ ಪರವೋ ಸಲೀಂನ ಪರವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರ ಊರು ಒಳನಾಡಿನಲ್ಲಿ, ಬೋಳು ಬೆಟ್ಟದ ಕಾಲಬುಡದಲ್ಲಿ. ಕೆಳಗೆ ಖರ್ಜೂರದ ತೋಟ, ಅದಕ್ಕೆ ನೀರು ತರುವ ಕಾಲುವೆ, ಮೇಲೆ ಒಂದಕ್ಕೊಂದು ಒರಗಿ ನಿಂತ ಮಣ್ಣಿನ ಮನೆಗಳು. ಜನರೆಲ್ಲ ಯಾವಾಗಲೋ ರಸ್ತೆಬದಿಯ ಹೊಸ ಮನೆಗಳಿಗೆ ಹೋಗಿಯಾಗಿತ್ತು. ಅಬು ಸಲೀಂ ನನ್ನನ್ನು ಹಳೇ ಮನೆಗೇ ಕರೆದುಕೊಂಡು ಹೋದರು. ಸಲೀಂ ಬನಿಯನ್, ಲುಂಗಿಯಲ್ಲಿ, ತಲೆಗೆ ಬಟ್ಟೆ ಸುತ್ತಿ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದ. ನನ್ನನ್ನು ನೋಡಿ ಬುಟ್ಟಿ ಇಳಿಸಿದ.

“ಕೇಳು, ಏನು ಮಾಡುತ್ತಾನಂತೆ ಕೇಳು,” ಅಂದರು ಅಬು ಸಲೀಂ. “ಜನ ಬಂದು ನೋಡುತ್ತಾರಂತೆ. ಏನು ನೋಡುವುದು? ಹೊಗೆ ಹಿಡಿದ ಅಡುಗೆ ಕೋಣೆಯಾ? ಇದರಿಂದ ಹೊರಗೆ ಬರಲಿಕ್ಕೆ ನಾವು ಎಷ್ಟು ಒದ್ದಾಡಿದ್ದೇವೆ, ಇವನು ಒಳಗೆ ಹೋಗಲಿಕ್ಕೆ ಒದ್ದಾಡುತ್ತಾನೆ.”

ಹೀಗೆ ಬಯ್ಯುತ್ತಲೇ ಅವರು ಒಳಗೆ ನಡೆದರು. ನಾವೂ ಹಿಂದೆ ಹೋದೆವು. ಬಾಗಿಲು ತಗ್ಗು. ನನ್ನ ಹಣೆ ತಾಗಿತು. “ಹುಷಾರು,” ಅಂದರು, ಹಣೆಗೆ ತಾಗಿದ ಮೇಲೆ. “ನನಗೂ ತಾಗಿತ್ತು. ಹುಡುಗನಾಗಿದ್ದಾಗ ಬಹ್ರೈನಿಗೆ ಕೂಲಿಗೆ ಹೋದೆ. ಆಗ ಈ ದೇಶದಲ್ಲಿ ಏನಿತ್ತು? ಏನೂ ಇಲ್ಲ. ಬಹಳ ವರ್ಷ ಇದ್ದೆ. ಒಂದು ದಿನ, ಇನ್ನು ಕೆಲಸ ಇಲ್ಲ, ಹೋಗು ಅಂದರು. ಬಂದೆ. ಬಂದವನು ಸೀದಾ ಒಳಗೆ ಹೋಗುವಾಗ ಇದೇ ಬಾಗಿಲು ತಲೆಗೆ ಬಡಿಯಿತು. ನಮ್ಮ ತಾಯಿ ನಕ್ಕಳು. ನನಗೆ ಅಳು ಬಂತು. ಅಲ್ಲಿದ್ದಾಗ ಈ ಬಾಗಿಲು ನನ್ನ ನೆನಪಿನಲ್ಲಿ ಬಹಳ ಎತ್ತರ ಇತ್ತು.”

ಸಲೀಂ ತಂದೆಯನ್ನೇ ನೋಡುತ್ತಿದ್ದ. ಈ ಮಾತು ಅವನೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಬು ಸಲೀಂ ಒಂದೊಂದೇ ಕೋಣೆಯ ಮುಂದೆ ನಿಂತು, ಇಲ್ಲಿ ಖರ್ಜೂರ ಇಡುತ್ತಿದ್ದರು, ಇಲ್ಲಿ ತಾಯಿ ಮಲಗುತ್ತಿದ್ದಳು, ಇಲ್ಲಿ ಆಡು ಎಂದು ತೋರಿಸತೊಡಗಿದರು. ಬಯ್ಯಲು ಬಂದವರು ಅರ್ಧ ಗಂಟೆಯಲ್ಲಿ ಪಕ್ಕಾ ಗೈಡ್ ಆಗಿದ್ದರು. ತಮ್ಮ ಅವಸ್ಥೆ ತಮಗೇ ತಿಳಿದಾಗ ಮತ್ತೆ ಸಿಟ್ಟು ಬಂದು, “ಕಾಫಿ ತರುತ್ತೇನೆ, ಅಷ್ಟರೊಳಗೆ ಮಾತಾಡಿ ಮುಗಿಸು,” ಎಂದು ಹೊರಟುಹೋದರು.

ನಾವಿಬ್ಬರೇ ಉಳಿದೆವು. “ನೀನು ಬೇಡ ಅಂದರೆ ಅವರು ನನ್ನನ್ನು ಉಳಿಸಿಕೊಳ್ಳುವುದಿಲ್ಲ,” ಅಂದೆ. “ಯಂತ್ರದ ಮೂತಿ ಬಾಲ ಗೊತ್ತಿಲ್ಲದ ಇನ್ನೊಬ್ಬನನ್ನು ತಂದು ಕೂರಿಸುತ್ತಾರೆ. ನಾನು ನಿನಗೆ ಕಲಿಸಿದ್ದು ನೀರಿಗೆ ಹಾಕಿದ ಹಾಗೆ.”

“ನೀವು ಎಲ್ಲಿಗೆ ಹೋಗುತ್ತೀರಿ?”

“ಮಂಗಳೂರಿಗೆ. ಒಂದು ಫ್ಲ್ಯಾಟ್ ಇದೆ. ಬೀಗ ಹಾಕಿದೆ.”

“ಹುಟ್ಟಿದ ಮನೆ?”

“ಅದು ಕಾರ್ಖಾನೆಯ ಲೈನ್ ಮನೆ. ಕಾರ್ಖಾನೆ ಮುಚ್ಚಿತು. ಕೆಡವಿ ದೊಡ್ಡ ಕಟ್ಟಡ ಕಟ್ಟಿದ್ದಾರೆ.”

“ಫೋಟೋ?”

“ಇಲ್ಲ.”

“ಹೇಗಿತ್ತು ಅಂತ ಹೇಳಿ,” ಅಂದ. ಬುಟ್ಟಿಯನ್ನು ಬೋರಲು ಹಾಕಿ ನನಗೆ ಕೂರಲು ಕೊಟ್ಟ.

ನಾನು ಹುರುಪಿನಿಂದ ಶುರುಮಾಡಿದೆ. ಒಂದು ಕಡೆ ಹೊಳೆ, ಒಂದು ಕಡೆ ಆವಿಗೆ, ನಡುವೆ ಮನೆಗಳ ಸಾಲು. “ಬಾಗಿಲು ಯಾವ ಕಡೆಗೆ?” ಎಂದು ಕೇಳಿದ. ಹೊಳೆಯ ಕಡೆಗೆ ಅಂದೆ. ಅಂದ ಮೇಲೆ ನನಗೇ ಸಂಶಯ ಬಂತು, ಹಾಗಾದರೆ ಅಪ್ಪ ಆವಿಗೆಯಿಂದ ಬರುವುದು ಅಮ್ಮನಿಗೆ ಹೇಗೆ ಕಾಣುತ್ತಿತ್ತು? ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳಲ್ಲ? ತಲೆ ಕೆಟ್ಟಿತು. ಇಷ್ಟು ವರ್ಷ ನನ್ನೊಳಗೆ ಗಟ್ಟಿಯಾಗಿ ನಿಂತಿದ್ದ ಮನೆ ಎದುರಿಗೇ ಗಿರಗಿರ ತಿರುಗಿತು. ಕೂಡಲೇ ಮಂಗಳೂರಿನಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕ, ನಮ್ಮ ಲೈನ್ ಮನೆಯ ಬಾಗಿಲು ಹೊಳೆ ಕಡೆಗಾ, ಆವಿಗೆ ಕಡೆಗಾ?”

“ಎಂತ ಆಗಿದೆ ನಿನಗೆ? ಬಿಸಿಲಲ್ಲಿ ತಿರುಗಿದ್ದೀಯಾ?”

“ಹೇಳಕ್ಕ, ಅರ್ಜೆಂಟ್ ಉಂಟು.”

“ಹೊಳೆ ಕಡೆಗೆ... ಅಲ್ಲ ಮಾರಾಯ, ಹೊಳೆ ಕಡೆ ಇದ್ದದ್ದ್ ಬಚ್ಚಲು. ಅಲ್ಲ, ತಡಿ. ಅಮ್ಮ ಮೀನು ತೊಳೀತಿದ್ದದ್ದ್ ಎಲ್ಲಿ?” ಅಕ್ಕನೂ ಸಿಕ್ಕಿಹಾಕಿಕೊಂಡಳು. ಆಮೇಲೆ ಅವಳು, “ನನಗೂ ಗೊತ್ತಿಲ್ಲ ದಿವಾಕರ. ಕೇಳ್ಳಿಕ್ಕೆ ಈಗ ಯಾರಿದ್ದಾರೆ?” ಅಂದಳು. ಅವಳ ಧ್ವನಿ ಸಣ್ಣದಾಗಿತ್ತು.

ಫೋನಿಟ್ಟು ನೋಡಿದರೆ ಸಲೀಂ ನಗುತ್ತಿರಲಿಲ್ಲ. ತುಳು ತಿಳಿಯದಿದ್ದರೂ ಏನಾಯಿತೆಂದು ತಿಳಿದಿತ್ತು. ಕೈಯ ಮಣ್ಣು ಒರೆಸಿಕೊಂಡು, “ಉಸ್ತಾದ್, ನೀವು ಕಲಿಸಿದ್ದಾದರೂ ಉಳಿಯಲಿ, ನಾನು ಆ ಹುದ್ದೆಗೆ ಹೂಂ ಅನ್ನುತ್ತೇನೆ. ಆದರೆ ಕೊನೆಯ ದಿನದವರೆಗೂ ನೀವು ನನ್ನ ಪಕ್ಕದಲ್ಲಿ ನಿಲ್ಲಬೇಕು. ರಜೆ ಇದೆ, ಅದಿದೆ ಇದಿದೆ ಅಂತ ಮೊದಲೇ ಹೋಗಬಾರದು,” ಅಂದ.

ನಾನು ಆಯಿತು ಅಂದೆ. ಅಬು ಸಲೀಂ ಕಾಫಿ ತಂದರು, ಖರ್ಜೂರದ ಜೊತೆ ಚಕ್ಕುಲಿ ತಿಂದರು. ವಿಷಯ ಕೇಳಿ, “ಅಲ್‌ಹಮ್ದುಲಿಲ್ಲಾ,” ಎಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಅವರಿಗೇ ಏನೋ ಹೊಳೆದು ಕೈ ಹಾಗೇ ನನ್ನ ಬೆನ್ನ ಮೇಲೆ ನಿಂತಿತು. ಸಂತೋಷ ಪಡಬೇಕೋ ಬೇಡವೋ ಎಂದು ಅವರಿಗೂ ತಿಳಿಯಲಿಲ್ಲ ಎಂದು ಕಾಣುತ್ತದೆ.

ಮಾತಿನಂತೆ ನಿಂತೆ. ಕಳೆದ ತಿಂಗಳು ನನ್ನ ಕೊನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಬೀಳ್ಕೊಡುಗೆಯ ಸಮೋಸ ಕೇಕು ಎಲ್ಲ ಮುಗಿದು, ನಾನು ಯಂತ್ರದ ಬಳಿ ಸುಮ್ಮನೆ ನಿಂತಿದ್ದೆ. ಒಮ್ಮೆಲೇ ಅಲಾರಾಂ ಹೊಡೆಯಿತು. ಪ್ಯಾನೆಲ್ಲಿನಲ್ಲಿ ಕೆಂಪು ದೀಪ. ಅಲ್ಲಿದ್ದವರೆಲ್ಲ ತಿರುಗಿ ನನ್ನ ಮುಖ ನೋಡಿದರು. ಇಷ್ಟು ವರ್ಷದ ಅಭ್ಯಾಸ, ನನ್ನ ಕೈಯೂ ಪ್ಯಾನೆಲ್ಲಿನ ಕಡೆಗೆ ಹೋಯಿತು. ಅಷ್ಟರಲ್ಲಿ ಪಕ್ಕದಿಂದ ಸಲೀಂ ಕೈ ಚಾಚಿ, ನನ್ನ ಕಡೆ ನೋಡದೆಯೇ, ಒತ್ತಬೇಕಾದ್ದನ್ನು ಒತ್ತಿ, ತಿರುಗಿಸಬೇಕಾದ್ದನ್ನು ತಿರುಗಿಸಿದ. ಅಲಾರಾಂ ನಿಂತಿತು. “ಯಲ್ಲಾ ಯಲ್ಲಾ, ಬೇಗ ಬನ್ನಿ,” ಎಂದು ಅವನು ಕೂಗಿದ ಕೂಡಲೇ ಜನ ಅವನ ಹಿಂದೆ ಓಡಿದರು.

ಎಲ್ಲ ಸರಿಯಾಗಿಯೇ ಮಾಡಿದ್ದ. ಎಳ್ಳಷ್ಟೂ ತಪ್ಪಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಶಹಬ್ಬಾಸ್ ಅನ್ನಲು ಬಾಯಿ ತೆರೆದೆ. ಕೇಳುವಷ್ಟು ಹತ್ತಿರದಲ್ಲಿ ಯಾರೂ ಇರಲಿಲ್ಲ. ಮುಂದೆ ಚಾಚಿದ್ದ ನನ್ನ ಕೈ ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.